ಇಂಜಿನ್ ಇಳಿಸುವ ಮೊದಲು: ಹಳೆಯ ಕಾರಿನ ದೋಷ ಪತ್ತೆಗೊಂದು ಕೈಪಿಡಿ

ಹಳೆಯ ಕಾರೊಂದು ಆಯಿಲ್ ಕುಡಿಯತೊಡಗಿದರೆ, ಏರಿನಲ್ಲಿ ಏದುಸಿರು ಬಿಡತೊಡಗಿದರೆ ಅಥವಾ ಒಳಗಿನಿಂದ ಏನೋ ಬಡಿಯತೊಡಗಿದರೆ, ನೋಡಿದವರೆಲ್ಲ ‘ಇಂಜಿನ್ ಕೆಲಸಕ್ಕೆ ಬಂದಿದೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ಕೆಲವೊಮ್ಮೆ ಸರಿಯೇ ಇರುತ್ತದೆ. ಆದರೆ ಸಂಪೂರ್ಣ ಇಂಜಿನ್ ಕೆಲಸವೆಂದರೆ ಬ್ಲಾಕನ್ನು (ಸಿಲಿಂಡರ್‌ಗಳಿರುವ ಮುಖ್ಯ ಎರಕ) ಬರಿದು ಮಾಡಿ, ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ), ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡ್ ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್, ಗ್ಯಾಸ್ಕೆಟ್‌ಗಳನ್ನೆಲ್ಲ ಹೊಸದಾಗಿ ಹಾಕಿ ಮತ್ತೆ ಜೋಡಿಸುವ, ತಿಂಗಳುಗಟ್ಟಲೆ ಹಿಡಿಯಬಹುದಾದ ಉದ್ಯೋಗ. ಅದೇ ಲಕ್ಷಣವನ್ನು ಮುಚ್ಚಿಹೋದ ಒಂದು ರಬ್ಬರ್ ಕೊಳವೆಯೋ ಕೆಟ್ಟುಹೋದ ಒಂದು ಸ್ವಿಚ್ಚೋ ತೋರಿಸುತ್ತಿರಬಹುದು.

ಕಂಪ್ರೆಷನ್ (ಪಿಸ್ಟನ್ ಸಿಲಿಂಡರಿನೊಳಗೆ ಒತ್ತಿದಾಗ ಏಳುವ ಒತ್ತಡ), ಆಯಿಲ್ ಒತ್ತಡ, ಶಬ್ದ, ಹೊಗೆಯ ಬಣ್ಣ ಇವೆಲ್ಲ ಇಂಜಿನ್ ಕಾರಿನೊಳಗೇ ಇದ್ದು ತಿರುಗುತ್ತಿರುವಾಗ ಮಾತ್ರ ಸಿಗುವ ಸಾಕ್ಷ್ಯಗಳು. ಒಮ್ಮೆ ಬಿಚ್ಚಿ ಮೇಜಿನ ಮೇಲೆ ಹರವಿದ ಮೇಲೆ ಅವುಗಳಲ್ಲಿ ಒಂದನ್ನೂ ಮತ್ತೆ ಪಡೆಯಲಾಗದು. ಆದ್ದರಿಂದ ಇಂಜಿನ್ ಇಳಿಸುವ ಯೋಜನೆ ಸ್ಪ್ಯಾನರಿನಿಂದಲ್ಲ, ಒಂದು ನೋಟ್‌ಬುಕ್ಕಿನಿಂದ ಆರಂಭವಾಗಬೇಕು. ಮುಂದಿನ ಪರೀಕ್ಷೆಗಳ ಪ್ರತಿಯೊಂದು ಅಂಕಿಯನ್ನೂ ಅದರಲ್ಲಿ ಬರೆದಿಡಿ, ಏಕೆಂದರೆ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಮಾತ್ರ ಬಿಚ್ಚಬೇಕೇ, ಇಡೀ ಇಂಜಿನ್ ಇಳಿಸಬೇಕೇ ಅಥವಾ ಎರಡೂ ಬೇಡವೇ ಎಂಬುದನ್ನು ಆ ಅಂಕಿಗಳೇ ನಿರ್ಧರಿಸುತ್ತವೆ. ಇಲ್ಲಿನ ವಿವರಗಳು ಮುಖ್ಯವಾಗಿ ಪೆಟ್ರೋಲ್ ಇಂಜಿನ್‌ಗಳಿಗೆ ಸಂಬಂಧಿಸಿವೆ. ಡೀಸೆಲ್ ಬೇರೆಯಾಗುವಲ್ಲಿ ಅದನ್ನು ಹೇಳಲಾಗಿದೆ.

ಕೈ ಹಾಕುವ ಮೊದಲು

ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರಬಹುದು. ಇಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು, ಏಕೆಂದರೆ ಒತ್ತಡದ ಬಲದಿಂದ 100 ಡಿಗ್ರಿ ಸೆಲ್ಸಿಯಸ್ ಮೀರಿದರೂ ಕುದಿಯದೆ ನಿಂತಿರುವ ನೀರು, ಮುಚ್ಚಳ ಸಡಿಲವಾದ ಕ್ಷಣದಲ್ಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಜ್ಯಾಕ್ ಎತ್ತುವುದಕ್ಕೆ ಮಾತ್ರ. ಕಾರಿನ ಕೆಳಗೆ ತಲೆ ಹಾಕುವುದಾದರೆ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್‌ಗಳು ಇರಲೇಬೇಕು. ಹಳೆಯ ಕಾರುಗಳ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್), ಸೈಲೆನ್ಸರ್ ಗ್ಯಾಸ್ಕೆಟ್ ಮತ್ತು ಕ್ಲಚ್ ಪ್ಲೇಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವವಿದೆ. ಅವನ್ನು ಒಣಗಿದ್ದಂತೆಯೇ ಕೆರೆಯುವುದು, ಗಾಳಿ ಹೊಡೆದು ಧೂಳೆಬ್ಬಿಸುವುದು ಬೇಡ. ಒದ್ದೆ ಮಾಡಿ ತೆಗೆಯಿರಿ. ಬಳಸಿದ ಇಂಜಿನ್ ಆಯಿಲ್ ಚರ್ಮಕ್ಕೆ ಪದೇಪದೇ ತಾಗಿದರೆ ಕ್ಯಾನ್ಸರ್ ತರಬಲ್ಲದು, ಆದ್ದರಿಂದ ಕೈಗವಸು ಹಾಕಿಕೊಳ್ಳುವುದನ್ನು ನಾಜೂಕು ಎಂದು ಭಾವಿಸಬೇಕಿಲ್ಲ.

ಲಕ್ಷಣ: ನೀಲಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಇಳಿಯುತ್ತಿರುವ ಆಯಿಲ್

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಅದು ಯಾವಾಗ ಬರುತ್ತದೆ ಎಂಬುದರಲ್ಲಿ ಅರ್ಧ ಉತ್ತರವಿದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಂಡೆ ಹೊಗೆ ಬಂದು ಆಮೇಲೆ ನಿಂತುಹೋದರೆ, ಅಥವಾ ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ಮಾತ್ರ ಹೊಗೆ ಎದ್ದರೆ, ವಾಲ್ವ್ ಗೈಡ್‌ಗಳ ಮೂಲಕ ಆಯಿಲ್ ಇಳಿಯುತ್ತಿದೆ. ವಾಲ್ವ್ ಆಯಿಲ್ ಸೀಲ್‌ಗಳು ಗಟ್ಟಿಯಾಗಿ ಒಡೆದಿರುವ ಸಂಭವ ಹೆಚ್ಚು. ಹಲವು ಇಂಜಿನ್‌ಗಳಲ್ಲಿ ಈ ಸೀಲ್‌ಗಳನ್ನು ಹೆಡ್ ಕೂಡ ಇಳಿಸದೆ ಬದಲಿಸಬಹುದು. ಹೊಗೆ ವೇಗ ಹೆಚ್ಚಿಸುವಾಗ, ಭಾರ ಎಳೆಯುವಾಗ ಏಕಪ್ರಕಾರವಾಗಿ ಬರುತ್ತಿದ್ದರೆ ಮಾತ್ರ ಸಂಶಯ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಮತ್ತು ಬೋರ್‌ಗಳತ್ತ ತಿರುಗಬೇಕು.

ಆದರೂ ಮೊದಲು ನೋಡಬೇಕಾದದ್ದು ಬ್ರೀದರ್ ಕೊಳವೆ. ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಅನಿಲ ಕ್ರ್ಯಾಂಕ್‌ಕೇಸಿನಿಂದ ಹೊರಬರಲು ಇರುವ ದಾರಿ ಅದು. ಅದರೊಳಗಿನ ಜಾಲರಿಯೋ ಪಿಸಿವಿ ವಾಲ್ವೋ (ಆ ಅನಿಲವನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ತುಂಬಿ, ಆರೋಗ್ಯವಾಗಿರುವ ಇಂಜಿನ್ ಕೂಡ ಸೀಲ್‌ಗಳ ಮೂಲಕ ಆಯಿಲ್ ಕಾರುತ್ತದೆ, ಇನ್‌ಟೇಕ್‌ಗೂ ತಳ್ಳುತ್ತದೆ. ಕೊಳವೆಯನ್ನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮರಳಿ ಹಾಕಿ ಕೆಲವು ದಿನ ಓಡಿಸಿ ನೋಡಿ. ಆಮೇಲೆ ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲೆ ಸುಮ್ಮನೆ ಇಡಿ. ಮುಚ್ಚಳ ಅಲ್ಲಲ್ಲೇ ಸ್ವಲ್ಪ ಅದುರಿದರೆ ಚಿಂತೆಯಿಲ್ಲ. ಕುದಿಯುವ ಪಾತ್ರೆಯ ತಟ್ಟೆಯಂತೆ ಅದು ಕುಣಿದರೆ, ಬಾಯಿಯಿಂದ ರೈಲಿನ ಹಾಗೆ ಬಿಟ್ಟುಬಿಟ್ಟು ಹೊಗೆ ಬಂದರೆ, ರಿಂಗ್‌ಗಳು ಅನಿಲವನ್ನು ತಡೆಯುತ್ತಿಲ್ಲ.

ಎಷ್ಟು ಆಯಿಲ್ ಖರ್ಚಾಗುತ್ತಿದೆ ಎಂಬುದನ್ನು ಅಂದಾಜಿಗೆ ಬಿಡದೆ ಅಳೆಯಿರಿ. ಸಮತಟ್ಟಾದ ನೆಲದಲ್ಲಿ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೆ ತುಂಬಿಸಿ, 1000 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅದೇ ಗೆರೆಗೆ ಬರಲು ಎಷ್ಟು ಬೇಕಾಯಿತು ಎಂದು ನೋಡಿ. ಹಳೆಯ ಇಂಜಿನ್ ಇದರಲ್ಲಿ ಕಾಲು ಲೀಟರ್ ಕುಡಿದರೆ ಅದರೊಂದಿಗೆ ಬದುಕಬಹುದು. ಒಂದು ಲೀಟರ್ ಮುಟ್ಟಿದರೆ, ಮತ್ತು ನೆಲದ ಮೇಲೆ ಸೋರಿಕೆಯ ಗುರುತಿಲ್ಲದಿದ್ದರೆ, ಕಂಪ್ರೆಷನ್ ಪರೀಕ್ಷೆ ತಪ್ಪಿಸುವಂತಿಲ್ಲ.

ಲಕ್ಷಣ: ಬಿಳಿ ಹೊಗೆ, ಕಾರಣವಿಲ್ಲದೆ ಮಾಯವಾಗುವ ಕೂಲಂಟ್

ಚಳಿಯ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಆವಿ ದೋಷವಲ್ಲ, ಅದು ಪೆಟ್ರೋಲ್ ಉರಿದಾಗ ಹುಟ್ಟುವ ನೀರು. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟವಾದ, ಸ್ವಲ್ಪ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಆದರೆ ತೀರ್ಮಾನಕ್ಕೆ ಮೊದಲು ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಅದರ ಮಟ್ಟ ಇಳಿಯುತ್ತಿದ್ದು ಚಕ್ರಗಳ ಬಳಿ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಹಿಂಭಾಗದ ಸೀಲ್ ಸೋತು ವ್ಯಾಕ್ಯೂಮ್ ಬೂಸ್ಟರ್ ಮೂಲಕ ಬ್ರೇಕ್ ಆಯಿಲ್ ಇಂಜಿನ್ನಿಗೆ ಹೋಗಿ ಉರಿಯುತ್ತಿರಬಹುದು. ಅದು ಕೂಡ ಬಿಳಿ ಹೊಗೆಯನ್ನೇ ಕೊಡುತ್ತದೆ. ಹಾಗಿದ್ದರೆ ಅಂದೇ ಕಾರು ನಿಲ್ಲಿಸಿ ಬ್ರೇಕ್ ರಿಪೇರಿ ಮಾಡಿಸಬೇಕು.

ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಹಳದಿ ಲೇಪ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೆದರುವವರು ಬಹಳ. ಸಣ್ಣ ಸಣ್ಣ ದೂರ ಮಾತ್ರ ಓಡುವ, ಎಂದೂ ಸರಿಯಾಗಿ ಬಿಸಿಯಾಗದ ಇಂಜಿನ್‌ನಲ್ಲಿ ತೇವಾಂಶ ಕಟ್ಟಿಕೊಂಡು ಇದೇ ಕೆನೆ ಉಂಟಾಗುತ್ತದೆ. ಅದನ್ನು ಒರೆಸಿ, ಕಾರನ್ನು ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿ ಮತ್ತೆ ನೋಡಿ. ಡಿಪ್‌ಸ್ಟಿಕ್ಕಿನ ಮೇಲಿನ ಆಯಿಲ್ಲೇ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತು ಬೇರೆ. ಆಗ ಇಂಜಿನ್ನನ್ನು ಸ್ಟಾರ್ಟ್ ಮಾಡಲೇಬಾರದು, ಏಕೆಂದರೆ ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ಕೆಲವೇ ನಿಮಿಷಗಳಲ್ಲಿ ತಿಂದುಹಾಕಬಲ್ಲದು.

ಇವೆರಡರ ನಡುವಿನ ಸಂಶಯಕ್ಕೆ ಅಗ್ಗದ ರಾಸಾಯನಿಕ ಪರೀಕ್ಷೆಯಿದೆ. ರೇಡಿಯೇಟರ್ ಬಾಯಿಯ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ, ಉರಿದ ಅನಿಲ ಕೂಲಂಟಿಗೆ ಸೇರುತ್ತಿದೆ ಎಂಬುದು ಖಚಿತ. ಮುಚ್ಚಳವನ್ನು ತಣ್ಣಗಿರುವಾಗಲೇ ತೆಗೆದು ಪರೀಕ್ಷೆ ಆರಂಭಿಸಿ. ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದು ಸಾಲಾಗಿ ಇಟ್ಟು ನೋಡಿದರೆ, ಮೂರು ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ನೀರು ಇಳಿಯುತ್ತಿರುವುದು ಆ ಸಿಲಿಂಡರಿಗೆ. ಇಷ್ಟಕ್ಕೆ ಹೆಡ್ ಇಳಿಸಿ, ಅದು ಡೊಂಕಾಗಿದೆಯೇ, ಸೀಳಿದೆಯೇ ಎಂದು ನೋಡಿ ಸರಿಪಡಿಸಿದರೆ ಸಾಕಾಗಬಹುದು. ಬ್ಲಾಕ್ ಬಿಚ್ಚುವ ಮಾತು ಬರುವುದು ಬೋರ್‌ನಲ್ಲಿ ಹಾನಿ ಕಂಡರೆ ಮಾತ್ರ.

ಲಕ್ಷಣ: ಕಪ್ಪು ಹೊಗೆ

ಇದು ಇಂಜಿನ್ ಕೆಲಸದ ಲಕ್ಷಣವಲ್ಲ. ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಎಂದಷ್ಟೇ ಅರ್ಥ: ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಚೋಕ್ ಅಂಟಿಕೊಂಡಿರಬಹುದು, ಕಾರ್ಬುರೇಟರಿನ ಫ್ಲೋಟ್ ತೂತಾಗಿರಬಹುದು. ಡೀಸೆಲ್‌ನಲ್ಲಾದರೆ ಇಂಜೆಕ್ಟರ್‌ಗಳನ್ನು ಪರೀಕ್ಷಿಸಿ. ಹಾಗೆಂದು ಬಹಳ ದಿನ ಹಾಗೇ ಬಿಡುವುದೂ ಸರಿಯಲ್ಲ. ಹೆಚ್ಚಾದ ಪೆಟ್ರೋಲ್ ಬೋರಿನ ಗೋಡೆಯ ಆಯಿಲ್ ಪದರವನ್ನು ತೊಳೆದು ಸವೆತವನ್ನು ತಾನೇ ಕರೆತರುತ್ತದೆ.

ಲಕ್ಷಣ: ಪಿಕಪ್ ಇಲ್ಲ, ಐಡಲ್‌ನಲ್ಲಿ ಕುಂಟುತ್ತದೆ

ಶಕ್ತಿ ಕುಂದಿದಾಗ ಮೊದಲು ಇಗ್ನಿಷನ್ ಟೈಮಿಂಗ್, ಪ್ಲಗ್‌ಗಳು, ಪ್ಲಗ್ ವೈರ್‌ಗಳು, ಪೆಟ್ರೋಲ್ ಫಿಲ್ಟರ್ ಮತ್ತು ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ತೆರೆಯುವ ಭಾಗಕ್ಕೂ ನಡುವಿನ ಸಣ್ಣ ಅಂತರ) ಸರಿಯಿವೆಯೇ ನೋಡಬೇಕು. ಟ್ಯಾಪೆಟ್‌ಗಳನ್ನು ಕಂಪ್ರೆಷನ್ ಪರೀಕ್ಷೆಗೂ ಮೊದಲೇ ಸರಿಪಡಿಸಬೇಕೆಂಬುದನ್ನು ಹಲವರು ಮರೆಯುತ್ತಾರೆ. ಸಂದು ತೀರ ಕಡಿಮೆಯಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ, ಏನೂ ಸವೆಯದ ಸಿಲಿಂಡರ್ ಕೂಡ ಸತ್ತಂತೆ ಅಂಕಿ ತೋರಿಸುತ್ತದೆ.

ಕಂಪ್ರೆಷನ್ ಪರೀಕ್ಷೆಯನ್ನು ಬಿಸಿ ಇಂಜಿನ್‌ನಲ್ಲಿ, ಎಲ್ಲ ಪ್ಲಗ್‌ಗಳನ್ನೂ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಸರಬರಾಜನ್ನು ಕಡಿತಗೊಳಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಮಾಡಬೇಕು. ಬ್ಯಾಟರಿ ದುರ್ಬಲವಾಗಿದ್ದರೆ ಅಥವಾ ಥ್ರಾಟಲ್ ಮುಚ್ಚಿದ್ದರೆ ಸಿಗುವ ಅಂಕಿಗಳು ಸುಳ್ಳು. ಪ್ರತಿ ಸಿಲಿಂಡರಿಗೂ ಐದಾರು ಬಾರಿ ತಿರುಗಿಸಿ, ಗೇಜಿನ ಮುಳ್ಳು ಎಲ್ಲಿ ನಿಂತಿತು ಎಂಬುದರ ಜೊತೆಗೆ ಅದು ಒಂದೇ ನೆಗೆತಕ್ಕೆ ಏರಿತೇ ಅಥವಾ ತೆವಳುತ್ತಾ ಏರಿತೇ ಎಂಬುದನ್ನೂ ಬರೆದುಕೊಳ್ಳಿ. ತೆವಳುವುದು ರಿಂಗ್‌ಗಳ ಸೋಲಿನ ಗುರುತು. ಬಹುತೇಕ ಪೆಟ್ರೋಲ್ ಇಂಜಿನ್‌ಗಳು 120ರಿಂದ 180 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ನಡುವೆ ಇರುತ್ತವೆ, ಆದರೆ ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿಯ ಅಂಕಿಯೇ ಪ್ರಮಾಣ. ಒಟ್ಟು ಮಟ್ಟಕ್ಕಿಂತ ಸಿಲಿಂಡರ್‌ಗಳ ನಡುವಿನ ಅಂತರ ಹೆಚ್ಚು ಮಾತಾಡುತ್ತದೆ: ನಾಲ್ಕೂ 130ರ ಆಸುಪಾಸಿನಲ್ಲಿದ್ದರೆ ಇಂಜಿನ್ ಸಮವಾಗಿ ವಯಸ್ಸಾಗಿದೆ ಎಂದು ತಿಳಿಯಬಹುದು, ಮೂರು 160 ಇದ್ದು ಒಂದು 90 ಇದ್ದರೆ ಆ ಒಂದರಲ್ಲಿ ನಿರ್ದಿಷ್ಟ ದೋಷವಿದೆ. ಪಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಬಲವಾದದ್ದು.

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ರಂಧ್ರದಿಂದ ಒಂದು ಟೀ ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಗಮನಾರ್ಹವಾಗಿ ಏರಿದರೆ ರಿಂಗ್‌ಗಳ ಸಂದನ್ನು ಆಯಿಲ್ ಮುಚ್ಚಿತು, ಅಂದರೆ ಸೋರಿಕೆ ಅಲ್ಲಿಯೇ ಇದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಡೀಸೆಲ್ ಇಂಜಿನ್‌ನಲ್ಲಿ ಈ ಆಯಿಲ್ ಪರೀಕ್ಷೆಯನ್ನು ಮಾಡಲೇಬೇಡಿ: ಅಲ್ಲಿನ ದಹನಕೋಣೆ ಎಷ್ಟು ಚಿಕ್ಕದೆಂದರೆ ಆಯಿಲ್ ತಾನೇ ಹೊತ್ತಿಕೊಳ್ಳಬಹುದು ಅಥವಾ ಒತ್ತಲಾಗದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಹುದು. ಪೆಟ್ರೋಲ್ ಇಂಜಿನ್ನಿನ ಗೇಜನ್ನು ಡೀಸೆಲಿಗೆ ಹಾಕುವಂತೆಯೂ ಇಲ್ಲ, ಏಕೆಂದರೆ ಅಲ್ಲಿನ ಒತ್ತಡ 300 ಪಿಎಸ್‌ಐ ದಾಟಿ, ಹಲವು ಇಂಜಿನ್‌ಗಳಲ್ಲಿ 400ರ ಸಮೀಪಕ್ಕೆ ಹೋಗುತ್ತದೆ.

ಇದಾದ ಮೇಲಿನ ಹೆಜ್ಜೆ ಲೀಕ್‌ಡೌನ್ ಪರೀಕ್ಷೆ. ನನ್ನ ಮಟ್ಟಿಗೆ ಇಂಜಿನ್ ಇಳಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಪಿಸ್ಟನ್ ಕಂಪ್ರೆಷನ್ ಹೊಡೆತದ ತುತ್ತತುದಿಯಲ್ಲಿದ್ದು ಎರಡೂ ವಾಲ್ವ್‌ಗಳು ಮುಚ್ಚಿರುವಾಗ, ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ಬಿಟ್ಟು, ಎಷ್ಟು ಭಾಗ ಸೋರಿಹೋಗುತ್ತಿದೆ ಎಂದು ಎರಡು ಗೇಜ್‌ಗಳ ನಡುವಿನ ವ್ಯತ್ಯಾಸದಿಂದ ಓದುವುದು ಇದರ ಕ್ರಮ. 10 ಪ್ರತಿಶತದೊಳಗಿದ್ದರೆ ಉತ್ತಮ, 20 ದಾಟಿದರೆ ಸವೆತ, 30 ಮೀರಿದರೆ ಬಿಚ್ಚುವ ಕಾಲ ಬಂದಿದೆ. ಅದಕ್ಕಿಂತ ಮುಖ್ಯವಾದದ್ದು ಗಾಳಿ ಎಲ್ಲಿಂದ ಹೊರಡುತ್ತಿದೆ ಎಂಬುದು; ಅದನ್ನು ಕಿವಿಯೇ ಹೇಳುತ್ತದೆ. ಆಯಿಲ್ ತುಂಬುವ ಬಾಯಿಯಲ್ಲಿ ಸುಯ್ ಎಂದರೆ ರಿಂಗ್, ಸೈಲೆನ್ಸರ್ ತುದಿಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್ ಬಾಯಿಯಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಸೀಳು. ಗಾಳಿಯ ಒತ್ತಡಕ್ಕೆ ಇಂಜಿನ್ ಒಮ್ಮೆಲೇ ತಿರುಗಿಬಿಡಬಹುದು, ಆದ್ದರಿಂದ ಕ್ರ್ಯಾಂಕ್ ಬೋಲ್ಟಿನ ಮೇಲೆ ಸ್ಪ್ಯಾನರ್ ಹಾಗೇ ಇರುವಾಗ ಗಾಳಿ ಕೊಡಬಾರದು, ಬೆಲ್ಟ್ ಮತ್ತು ಪುಲ್ಲಿಗಳ ಬಳಿ ಬೆರಳೂ ಇರಬಾರದು.

ಲಕ್ಷಣ: ಆಯಿಲ್ ದೀಪ ಮಿಣುಕುತ್ತದೆ

ದೀಪ ಓಡುತ್ತಿರುವಾಗ ಹತ್ತಿ ನಿಂತೇಬಿಟ್ಟರೆ ಇಂಜಿನ್ ಆರಿಸಿ, ಕಾರನ್ನು ಎಳೆಸಿಕೊಂಡು ಹೋಗಿ. ಮನೆ ಹತ್ತಿರವೇ ಇದೆ ಎಂಬ ಕಾರಣಕ್ಕೆ ಓಡಿಸಿದ ಕೊನೆಯ 2 ಕಿಲೋಮೀಟರಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಹಾಳಾಗಬಹುದು.

ಬಿಸಿಯಾದ ಮೇಲೆ ಐಡಲ್‌ನಲ್ಲಿ ಮಾತ್ರ ಮಿಣುಕುವುದಾದರೆ, ಮೊದಲು ಆಯಿಲ್ ಮಟ್ಟ ನೋಡಿ, ಆಮೇಲೆ ಡಿಪ್‌ಸ್ಟಿಕ್ಕನ್ನು ಮೂಸಿ ನೋಡಿ. ಮಟ್ಟ ಇಳಿಯುವ ಬದಲು ಏರಿದ್ದು ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ, ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಸಂಪಿಗೆ (ಇಂಜಿನ್ ತಳದ ಆಯಿಲ್ ತೊಟ್ಟಿಗೆ) ಸೇರುತ್ತಿದೆ. ತೆಳುವಾದ ಆಯಿಲ್ ಒತ್ತಡ ಹಿಡಿಯುವುದಿಲ್ಲ, ಬೆಂಕಿಯ ಅಪಾಯವೂ ಇದೆ. ಪಂಪ್ ಬದಲಿಸಿ ಆಯಿಲ್ ಹೊಸದು ಹಾಕುವವರೆಗೆ ಸ್ಟಾರ್ಟ್ ಮಾಡಬೇಡಿ. ಅದೂ ಅಲ್ಲವಾದರೆ ಸ್ವಿಚ್ ತೆಗೆದು ಆ ಜಾಗಕ್ಕೆ ನೇರ ಒತ್ತಡ ತೋರುವ ಗೇಜ್ ಹಾಕಿ. ದೀಪವು ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ ಆಸುಪಾಸಿನಲ್ಲಿ ಹತ್ತುವ ಒರಟು ಎಚ್ಚರಿಕೆ ಮಾತ್ರ. ಬಿಸಿ ಇಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇರಬೇಕೆಂಬುದು ಹಳೆಯ ಮೆಕ್ಯಾನಿಕ್‌ಗಳ ಕೈಲೆಕ್ಕ. ಗೇಜಿನಲ್ಲಿ ಒತ್ತಡ ಸರಿಯಿದ್ದರೆ ಸ್ವಿಚ್ ಬದಲಿಸಿ ಮುಗಿಸಿ. ಇದನ್ನು ನೋಡದೆ ಇಂಜಿನ್ ಇಳಿಸಿದರೆ ಬೆಟ್ಟ ಅಗೆದು ಇಲಿ ಹಿಡಿದಂತಾಗುತ್ತದೆ.

ಗೇಜ್ ಕೂಡ ಕಡಿಮೆ ತೋರಿಸಿದರೆ ಸಂಪ್ ಇಳಿಸಿ ಪಂಪಿನ ಜಾಲರಿ ಮಸಿಯಿಂದ ಕಟ್ಟಿದೆಯೇ, ಹೆಚ್ಚಾದ ಒತ್ತಡವನ್ನು ಬಿಡುವ ರಿಲೀಫ್ ವಾಲ್ವ್ ಅಂಟಿಕೊಂಡು ತೆರೆದೇ ಉಳಿದಿದೆಯೇ ನೋಡಿ. ಹಳೆಯ ಆಯಿಲ್ ಫಿಲ್ಟರನ್ನು ಎಸೆಯಬೇಡಿ. ಅದನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಆಯಸ್ಕಾಂತಕ್ಕೆ ಅಂಟುವ ಪುಡಿ ಕಬ್ಬಿಣದ್ದು. ಅಂಟದ ಬೆಳ್ಳನೆಯ ಹೊಳಪು ಪಿಸ್ಟನ್ನಿನ ಅಲ್ಯೂಮಿನಿಯಮ್ ಅಥವಾ ಬೇರಿಂಗಿನ ಮೇಲ್ಪದರ. ತಾಮ್ರದ ಬಣ್ಣದ ಕಣಗಳು ಕಂಡರೆ ಬೇರಿಂಗ್ ಮೇಲ್ಪದರ ಸವೆದು ಒಳಗಿನ ತಾಮ್ರ ಮಿಶ್ರಲೋಹದವರೆಗೆ ಹೋಗಿದೆ. ಅದನ್ನು ಕಂಡ ಮೇಲೆ ಕಾರನ್ನು ಓಡಿಸುವುದು ಬೇಡ.

ಲಕ್ಷಣ: ಒಳಗಿನಿಂದ ಬಡಿತ

ಶಬ್ದದಲ್ಲಿ ಮೋಸಹೋಗುವುದು ಸುಲಭ. ನಾನೊಮ್ಮೆ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನದು) ಹೋಗಿದೆಯೆಂದೇ ನಂಬಿ, ಎರಡು ದಿನ ಕಾರಿನ ಕೆಳಗೆ ಮಲಗಿ, ಸಂಪ್ ಇಳಿಸಿ ನಾಲ್ಕೂ ಕ್ಯಾಪ್ ತೆಗೆದು ನೋಡಿದರೆ ಬೇರಿಂಗ್‌ಗಳು ಬೂದುಬಣ್ಣದಲ್ಲಿ ಒಂದು ಗೀರೂ ಇಲ್ಲದೆ ಕುಳಿತಿದ್ದವು. ಬಡಿಯುತ್ತಿದ್ದದ್ದು ಆಲ್ಟರ್ನೇಟರಿನ ಸಡಿಲವಾದ ಪುಲ್ಲಿ. ಅಂದಿನಿಂದ ಬೆಲ್ಟ್ ಕಳಚಿ ಅರ್ಧ ನಿಮಿಷ ಓಡಿಸಿ ನೋಡದೆ ಯಾವ ಬಡಿತಕ್ಕೂ ಹೆಸರಿಡುವುದಿಲ್ಲ.

ಬೆಲ್ಟ್ ಕಳಚಿದರೂ ಶಬ್ದ ನಿಲ್ಲದಿದ್ದರೆ ಅದರ ಲಯವನ್ನು ಕೇಳಿ. ಇಂಜಿನ್ನಿನ ಅರ್ಧ ವೇಗದಲ್ಲಿ, ಮೇಲಿನಿಂದ ಬರುವ ಹಗುರ ಟಿಕ್‌ಟಿಕ್ ಟ್ಯಾಪೆಟ್. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಸೋರಿಕೆಯೂ ಹೀಗೆಯೇ ಕೇಳುತ್ತದೆ, ಆದರೆ ಅದರ ಬಳಿ ಮಸಿಯ ಗೆರೆ ಕಾಣುತ್ತದೆ. ತಣ್ಣಗಿರುವಾಗ ಟೊಳ್ಳಾಗಿ ಬಡಿದು ಬಿಸಿಯಾದಂತೆ ಕರಗುವುದು ಬೋರಿನಲ್ಲಿ ಪಿಸ್ಟನ್ ಆಡುವ ಶಬ್ದ. ಅದರೊಂದಿಗೆ ಎಷ್ಟೋ ಇಂಜಿನ್‌ಗಳು ವರ್ಷಗಟ್ಟಲೆ ಓಡುತ್ತವೆ. ಏರಿನಲ್ಲಿ ಮಾತ್ರ ಗಾಜಿನ ಗೋಲಿ ಅಲುಗಿಸಿದಂತೆ ಕೇಳಿದರೆ ಅದು ಬೇರಿಂಗ್ ಅಲ್ಲ, ಟೈಮಿಂಗ್ ಮುಂದಿದೆ ಅಥವಾ ಪೆಟ್ರೋಲಿನ ಆಕ್ಟೇನ್ ಸಾಲದು. ಬಿಸಿಯಾದಷ್ಟೂ ಜೋರಾಗುವ, ಸುಮಾರು 2500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಸ್ವಲ್ಪ ಬಿಟ್ಟಾಗ ಸ್ಪಷ್ಟವಾಗುವ ಗಟ್ಟಿ ಬಡಿತ ಬಿಗ್ ಎಂಡಿನದು. ಭಾರ ಬಿದ್ದಾಗ ನೆಲದಿಂದಲೇ ಬಂದಂಥ ಧಡ್ ಧಡ್ ಶಬ್ದ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿರುವ ಮೇನ್ ಬೇರಿಂಗಿನದು.

ಯಾವ ಸಿಲಿಂಡರ್ ಎಂದು ತಿಳಿಯಲು, ಇಂಜಿನ್ ಆರಿಸಿ, ಒಂದು ಪ್ಲಗ್ ವೈರನ್ನು ತೆಗೆದು ಹೆಚ್ಚುವರಿ ಪ್ಲಗ್ ಮೂಲಕ ಇಂಜಿನ್ ಲೋಹಕ್ಕೆ ಭದ್ರವಾಗಿ ಸೇರಿಸಿ, ಆಮೇಲೆ ಸ್ಟಾರ್ಟ್ ಮಾಡಿ ಕೇಳಿ. ಬಡಿತ ಮಂದವಾದರೆ ದೋಷ ಆ ಸಿಲಿಂಡರಿನದೇ. ಓಡುತ್ತಿರುವಾಗ ಕೈಯಿಂದ ವೈರ್ ಎಳೆಯಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಎಲೆಕ್ಟ್ರಾನಿಕ್ ಇಗ್ನಿಷನ್ನೂ ಸುಟ್ಟುಹೋಗಬಹುದು. ಇನ್ನೊಂದು ಸುಲಭ ಪರೀಕ್ಷೆ: ಇಂಜಿನ್ ಆರಿಸಿ, ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಕ್ರ್ಯಾಂಕ್ ಪುಲ್ಲಿಯನ್ನು ನೋಡಲಿ. ಪುಲ್ಲಿ ಹಿಂದೆಮುಂದೆ ಚಲಿಸುವುದು ಕಣ್ಣಿಗೇ ಸ್ಪಷ್ಟವಾಗಿ ಕಂಡರೆ ಕ್ರ್ಯಾಂಕ್ ಹಾಗೆ ಜರುಗದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮುಗಿದಿದೆ, ಇಂಜಿನ್ ಇಳಿಸಲೇಬೇಕು.

ಲಕ್ಷಣ: ಟ್ಯಾಪೆಟ್ ಸಂದು ಪದೇಪದೇ ಕಡಿಮೆಯಾಗುವುದು

ಟ್ಯಾಪೆಟ್ ಸಂದು ಸವೆತದಿಂದ ಹೆಚ್ಚಾಗುವುದನ್ನು ಎಲ್ಲರೂ ಬಲ್ಲರು. ಪ್ರತಿ ಬಾರಿ ನೋಡಿದಾಗಲೂ ಎಕ್ಸಾಸ್ಟ್ ವಾಲ್ವಿನ ಸಂದು ಕಿರಿದಾಗಿದ್ದರೆ, ವಾಲ್ವ್ ತನ್ನ ಸೀಟಿನೊಳಗೆ ಹೂತುಹೋಗುತ್ತಿದೆ. ಸೀಸಯುಕ್ತ ಪೆಟ್ರೋಲಿನ ಕಾಲದ ಇಂಜಿನ್‌ಗಳಲ್ಲಿ ಮೃದುವಾದ ಎರಕದ ಸೀಟುಗಳನ್ನು ಸೀಸದ ಲೇಪವೇ ಕಾಪಾಡುತ್ತಿತ್ತು. 2021ರಲ್ಲಿ ಅಲ್ಜೀರಿಯಾ ಮಾರಾಟ ನಿಲ್ಲಿಸಿದ್ದರೊಂದಿಗೆ ರಸ್ತೆ ವಾಹನಗಳಿಗೆ ಅಂಥ ಪೆಟ್ರೋಲ್ ಜಗತ್ತಿನಲ್ಲೆಲ್ಲೂ ಇಲ್ಲವಾಯಿತು. ಪರಿಹಾರ ಹೆಡ್‌ನಲ್ಲಿದೆ: ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಬೇಕು. ಬೇರೆ ಕಾರಣಕ್ಕೆ ಹೆಡ್ ಬಿಚ್ಚಿದ್ದರೂ ಈ ಕೆಲಸವನ್ನು ಆಗಲೇ ಮಾಡಿಸಿಕೊಳ್ಳುವುದು ಜಾಣತನ.

ಲಕ್ಷಣ: ಇಂಜಿನ್ ತಿರುಗುವುದೇ ಇಲ್ಲ

ಬಹುಕಾಲ ನಿಂತ ಕಾರಿನ ಇಂಜಿನ್ ಹಿಡಿದುಕೊಂಡಿದೆ ಎನ್ನುವ ಮೊದಲು, ಇಗ್ನಿಷನ್ ಆರಿಸಿ, ಗೇರ್ ಹಾಕಿ ಕಾರನ್ನು ಹಿಂದೆಮುಂದೆ ಅಲುಗಿಸಿ. ಫ್ಲೈವ್ಹೀಲಿನಲ್ಲಿ ಸಿಕ್ಕಿಕೊಂಡ ಸ್ಟಾರ್ಟರ್ ಹಲ್ಲು ಬಿಡಿಸಿಕೊಳ್ಳಬಹುದು. ಬೆಲ್ಟ್ ಕಳಚಿ, ಆಲ್ಟರ್ನೇಟರ್ ಅಥವಾ ವಾಟರ್ ಪಂಪ್ ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ಲಗ್‌ಗಳನ್ನು ತೆಗೆದಾಗ ನೀರು ಬಂದರೆ ಸಿಲಿಂಡರಿನಲ್ಲಿ ನೀರು ತುಂಬಿದೆ. ತುಕ್ಕು ಹಿಡಿದಿದ್ದರೆ ಪ್ಲಗ್ ರಂಧ್ರಗಳಿಂದ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಡಬೇಕು, ಆಮೇಲೆ ಉದ್ದ ಹಿಡಿಯಿಂದ ಕ್ರ್ಯಾಂಕ್ ಬೋಲ್ಟನ್ನು ಎರಡೂ ದಿಕ್ಕಿಗೆ ನಯವಾಗಿ ಆಡಿಸಬೇಕು. ಸ್ಟಾರ್ಟರಿನಿಂದ ಒತ್ತಾಯ ಮಾಡಿದರೆ ರಿಂಗ್ ಮುರಿಯುತ್ತದೆ.

ಬಿಚ್ಚಿದ ಮೇಲೆ: ಅಳತೆ ಏನು ಹೇಳುತ್ತದೆ

ಪರೀಕ್ಷೆಗಳು ಬ್ಲಾಕಿನತ್ತಲೇ ಕೈ ತೋರಿಸಿದವು ಎಂದಾದರೆ, ಬಿಚ್ಚುವಾಗಲೇ ಪ್ರತಿ ಬೇರಿಂಗ್ ಕ್ಯಾಪಿನ ಮೇಲೆ ಸಂಖ್ಯೆ ಮತ್ತು ದಿಕ್ಕು ಗುರುತಿಸಿ. ಕ್ಯಾಪ್‌ಗಳನ್ನು ಅವುಗಳ ಜಾಗದಲ್ಲೇ ಬಿಗಿದು ಕೊರೆದಿರುವುದರಿಂದ ಅದಲುಬದಲಾದರೆ ಬ್ಲಾಕ್ ಕೆಟ್ಟಂತೆಯೇ. ಸಿಲಿಂಡರಿನ ಮೇಲ್ತುದಿಯಲ್ಲಿ, ಮೊದಲ ರಿಂಗ್ ತಿರುಗಿ ಬರುವ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಅಂಚಿಗೆ ಸ್ಪಷ್ಟವಾಗಿ ತಡೆದು ನಿಂತರೆ ಬೋರ್ ಸವೆದಿದೆ. ಅಂಥ ಬೋರಿಗೆ ಹೊಸ ರಿಂಗ್ ಮಾತ್ರ ಹಾಕುವ ಉಳಿತಾಯ ಫಲಿಸುವುದಿಲ್ಲ, ಹೊಸ ರಿಂಗಿನ ಚೂಪು ಅಂಚು ಆ ಮೆಟ್ಟಿಲಿಗೆ ಬಡಿದು ಮುರಿಯುತ್ತದೆ. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಮೇಲೆ ಕೆಳಗಿನ ವ್ಯತ್ಯಾಸ 0.1 ಮಿ.ಮೀ. ದಾಟಿದರೆ ಸಾಮಾನ್ಯವಾಗಿ ಬೋರ್ ಮಾಡಿಸುವುದೇ ದಾರಿ. ಕ್ರ್ಯಾಂಕ್ ಜರ್ನಲ್‌ಗಳು (ಬೇರಿಂಗಿನೊಳಗೆ ಕೂರುವ ಭಾಗಗಳು) ದುಂಡಗಿಲ್ಲದಿದ್ದರೆ 0.25 ಅಥವಾ 0.50 ಮಿ.ಮೀ. ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಹಾಕುತ್ತಾರೆ. ಹೆಡ್ಡಿನ ಮೇಲ್ಮೈಗೆ ನೇರಪಟ್ಟಿ ಇಟ್ಟಾಗ 0.05 ಮಿ.ಮೀ. ಫೀಲರ್ ಎಲೆ ಎಲ್ಲಾದರೂ ನುಗ್ಗಿದರೆ ಕೈಪಿಡಿಯ ಮಿತಿಯೊಡನೆ ಹೋಲಿಸಿ, ಫೇಸಿಂಗ್ (ಮೇಲ್ಮೈ ಸಮತಟ್ಟು ಮಾಡಿಸುವುದು) ಬೇಕೇ ನಿರ್ಧರಿಸಿ.

ಮೈಕ್ರೋಮೀಟರ್ ಹಿಡಿದು ಅಭ್ಯಾಸವಿಲ್ಲದವರು ಇಲ್ಲಿ ನಿಲ್ಲಬೇಕು. ಬ್ಲಾಕ್, ಕ್ರ್ಯಾಂಕ್, ಹೆಡ್‌ಗಳನ್ನು ಮಷಿನ್ ಶಾಪಿಗೆ ಕೊಟ್ಟು, ಅಳತೆಯನ್ನೂ ಸೀಳಿನ ಪರೀಕ್ಷೆಯನ್ನೂ ಅವರಿಂದಲೇ ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ಮಾದರಿಗಳಲ್ಲಿ ಎಲ್ಲ ಓವರ್‌ಸೈಜ್ (ಮೂಲಕ್ಕಿಂತ ತುಸು ದೊಡ್ಡ) ಪಿಸ್ಟನ್‌ಗಳೂ ಸಿಗುವುದಿಲ್ಲವಾದ್ದರಿಂದ, ಪಿಸ್ಟನ್ ಕೈಗೆ ಬಂದು ಅವುಗಳನ್ನು ಅಳೆದ ಮೇಲೆಯೇ ಬೋರ್ ಮಾಡಿಸಬೇಕು. ಈ ಕ್ರಮ ತಪ್ಪಿ, ಯಾವ ಪಿಸ್ಟನ್ನಿಗೂ ಹೊಂದದ ಬ್ಲಾಕ್ ಮೂಲೆಯಲ್ಲಿ ಉಳಿದ ಉದಾಹರಣೆಗಳು ಬೇಕಾದಷ್ಟಿವೆ. ಮಷಿನ್ ಶಾಪಿನಿಂದ ಬಂದ ಬ್ಲಾಕನ್ನು ಬಿಸಿ ಸಾಬೂನು ನೀರಿನಲ್ಲಿ, ಆಯಿಲ್ ದಾರಿಗಳ ಬಿರಡೆ ತೆಗೆದು ಉದ್ದ ಬ್ರಷ್ ಹಾಕಿ ತೊಳೆಯಿರಿ. ಬಿಳಿ ಬಟ್ಟೆಯಿಂದ ಬೋರ್ ಒರೆಸಿದಾಗ ಬೂದು ಕಲೆ ಬರುವವರೆಗೂ ಹೋನಿಂಗ್ (ಬೋರಿನ ಗೋಡೆ ಉಜ್ಜುವ ಕೆಲಸ) ಬಿಟ್ಟ ಪುಡಿ ಉಳಿದಿದೆ ಎಂದೇ ಅರ್ಥ. ಆ ಪುಡಿ ಹೊಸ ಬೇರಿಂಗನ್ನು ಮೊದಲ ದಿನವೇ ಸವೆಸುತ್ತದೆ.

ಜೋಡಿಸಿದ ಮೇಲೆ ಕಾಣಬಹುದಾದ ಲಕ್ಷಣಗಳು

ಪ್ಲಗ್ ಹಾಕುವ ಮೊದಲು ಸ್ಟಾರ್ಟರಿನಿಂದ ತಿರುಗಿಸಿ ಗೇಜಿನಲ್ಲಿ ಆಯಿಲ್ ಒತ್ತಡ ಕಾಣಿಸಿಕೊಳ್ಳುವುದನ್ನು ನೋಡಿ. ಸ್ಟಾರ್ಟ್ ಆದ ಮೇಲೆ 10 ಸೆಕೆಂಡಿನೊಳಗೆ ಒತ್ತಡ ಬರದಿದ್ದರೆ ಆರಿಸಿ. ಚಪ್ಪಟೆ ಟ್ಯಾಪೆಟ್‌ಗಳ ಹಳೆಯ ಇಂಜಿನ್‌ಗೆ ಹೊಸ ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ದಂಡ) ಹಾಕಿದ್ದರೆ, ಐಡಲ್‌ಗೆ ಬಿಡದೆ 2000 ಆರ್‌ಪಿಎಂ ಆಸುಪಾಸಿನಲ್ಲಿ ಸುಮಾರು 20 ನಿಮಿಷ ಓಡಿಸಬೇಕು, ಅದೂ ಸತು ಸಂಯುಕ್ತ ಸಾಕಷ್ಟಿರುವ ಆಯಿಲ್‌ನಲ್ಲಿ. ಮೊದಲ ಕೆಲವು ನಿಮಿಷದ ನೀಲಿ ಹೊಗೆ ಜೋಡಣೆಯಲ್ಲಿ ಸವರಿದ ಆಯಿಲಿನದು. 1000 ಕಿಲೋಮೀಟರ್ ಕಳೆದರೂ ಅದು ನಿಲ್ಲದಿದ್ದರೆ ರಿಂಗ್‌ಗಳು ಬೋರಿನೊಂದಿಗೆ ಕೂತಿಲ್ಲ, ಹೆಚ್ಚಾಗಿ ಮೊದಲ ದಿನಗಳಲ್ಲಿ ಐಡಲ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ಮುದ್ದು ಮಾಡಿದ್ದರಿಂದ. ಮಧ್ಯಮ ವೇಗದಲ್ಲಿ ಒತ್ತಿ ಬಿಟ್ಟು ಓಡಿಸುವುದೇ ಅವನ್ನು ಕೂರಿಸುವ ವಿಧಾನ. ಹೊಸ ಇಂಜಿನ್ ಮೊದಮೊದಲು ತುಸು ಹೆಚ್ಚು ಬಿಸಿಯಾಗುವುದು ಸಹಜ, ಆದರೆ ಮುಳ್ಳು ಕೆಂಪು ಗೆರೆಯತ್ತ ಏರಿದರೆ ಕೂಲಂಟಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಬೇಕು. ಮೊದಲ 500 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕೈಪಿಡಿ ಹೇಳಿದ್ದರೆ ಹೆಡ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ಸಂದು ನೋಡಿ. ಆಗಲೇ ಕಂಪ್ರೆಷನ್ ಅಳೆದು, ನೋಟ್‌ಬುಕ್ಕಿನ ಹಳೆಯ ಅಂಕಿಗಳ ಪಕ್ಕದಲ್ಲಿ ಬರೆದಿಡಿ, ತೆಗೆದ ಫಿಲ್ಟರನ್ನೂ ಕತ್ತರಿಸಿ ನೋಡಿ.